ಗಾವಠಾಣ

ಪುಣೆಯ ಬಾಣೇರ, ಕೋಥರೂಡ, ಏರಂಡವಣೆಗಳ ಹೆಸರಿಗೆ ‘ಗಾವಠಾಣ’ ಇಂದಿಗೂ ಅಂಟಿಕೊಂಡಿದೆ. ಹೊಲಗಳ ನಡುವೆ ಮನೆಗಳಿಗೆಂದೇ ಗೆರೆ ಎಳೆದು ಬಿಟ್ಟ ಊರಿನ ನೆಲೆ ಅದು. ಗ್ರಾಮ ಮರಾಠಿಯಲ್ಲಿ ಗಾವ ಆಯಿತು, ಸ್ಥಾನ ಪ್ರಾಕೃತದ ಬಾಯಲ್ಲಿ ಠಾಣವಾಯಿತು. ನಮ್ಮ ಪೊಲೀಸ್ ಠಾಣೆಯೂ ಅದೇ ಬೇರಿನದು. ಹಳೆಯ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡಗಳ ಕನ್ನಡದಲ್ಲೂ ಈ ಮಾತಿದೆ. ಮೈಸೂರು ಕಡೆಯ ‘ಗ್ರಾಮಠಾಣಾ’ದಲ್ಲಿ ಅರ್ಧ ಸಂಸ್ಕೃತ, ಅರ್ಧ ಪ್ರಾಕೃತ.

ಈ ಗೆರೆ ಗುರುತಿಸುವ ಅಧಿಕಾರ ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯ 122ನೇ ಕಲಮಿನಲ್ಲಿದೆ. ಗೆರೆಯಾಚೆಯ ಸಾಗುವಳಿ ಜಮೀನಿನಲ್ಲಿ ಕಟ್ಟಡ ಎಬ್ಬಿಸಲು ‘ಎನ್‌ಎ’ (ಕೃಷಿಯೇತರ) ಆಗಬೇಕಿತ್ತು, ನಮ್ಮಲ್ಲಿ ಭೂಪರಿವರ್ತನೆ ಎನ್ನುವ ಹಾಗೆ. ಬಳಿಕ ತಿದ್ದುಪಡಿಯೊಂದು ಗಾವಠಾಣದಿಂದ 200 ಮೀಟರ್ ಒಳಗಿನ ಜಮೀನಿಗೆ ಈ ಬಿಗಿಯನ್ನು ಸಡಿಲಿಸಿತು. ನಗರವೂ ಹಳ್ಳಿಗಳತ್ತ ಚಾಚಿಕೊಂಡಿತು: 2021ರಲ್ಲಿ ಇನ್ನೂ 23 ಹಳ್ಳಿಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು. ಬೆಳೆಯುವ ಸಂಸಾರಗಳಿಗೆ ಮನೆ ಬೇಕು, ನಿಜ. ಆದರೆ ಹೊಲವನ್ನು ಹೊಲವಾಗಿ ಕಾಯ್ದದ್ದು ಈ ಹಳೆಯ ಗೆರೆ. ಅದನ್ನು ಇಷ್ಟು ಸಲೀಸಾಗಿ ಅಳಿಸಬಾರದು.

ಬಳಕೆ: ‘ಮನಿ ಗಾವಠಾಣದಾಗ ಐತಿ, ಹೊಲ ಹೊರಗೈತಿ.’