ಬೇಟೆ ಹೋಯಿತು, ಕೆಡ್ಡಸ ಉಳಿಯಿತು

ತುಳುನಾಡಿನಲ್ಲಿ ಮಕರ ಮಾಸದ ಕೊನೆಗೆ ಬರುವ ಕೆಡ್ಡಸ ಭೂಮಿತಾಯಿ ಮುಟ್ಟಾಗುವ ಹಬ್ಬ. ಹಬ್ಬದ ಮೂರು ದಿನ ಉಳುಮೆಯಿಲ್ಲ, ಮರ ಕಡಿಯುವಂತಿಲ್ಲ. ಊರ ಗಂಡಸರು ಕೂಡಿ ಬೋಂಟೆಗೆ, ಅಂದರೆ ಬೇಟೆಗೆ, ಹೋಗುವ ಕಟ್ಟಳೆ ಮಾತ್ರ ಇತ್ತು. ಬೇಟೆಯ ಪ್ರಾಣಿಗಳಲ್ಲಿ ಕಡವೆಗೆ ದಟ್ಟ ಕಾಡು ಬೇಕು. ಕಾಡುಹಂದಿ ತೋಟದಂಚಿನ ಪೊದೆಯಲ್ಲೂ ಬದುಕುತ್ತದೆ. ಕಾರ್ಕಳದ ಘಟ್ಟದ ಬುಡದಲ್ಲಿ ಕಾಡು ಕರಗಿದಂತೆ ಬೇಟೆ ಹಂದಿಯತ್ತ ವಾಲಿ, ಬೆಳೆ ಕಾಯುವ ನೆಪ ಪಡೆದದ್ದು ಸಹಜವೇ.

ಬೋಂಟೆಯನ್ನು ನಿಲ್ಲಿಸಿದ್ದು 1972ರ ವನ್ಯಜೀವಿ ಕಾಯ್ದೆಯೇ ಹೊರತು ಜನರ ವಿವೇಕವಲ್ಲ ಎನ್ನಬಹುದು. ಆ ಕಾಯ್ದೆಯೂ 1974ರ ಸೋಮೇಶ್ವರ ಅಭಯಾರಣ್ಯವೂ ಕೋವಿಯನ್ನು ಕೆಳಗಿಳಿಸಿದ್ದು ನಿಜ. ಆದರೆ ಹಬ್ಬವನ್ನು ಉಳಿಸಿದವರು ಜನರೇ. ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ, ಸೀಗೆ, ಅರಿಶಿನ ಅರ್ಪಿಸುತ್ತಾರೆ. ಧಾನ್ಯ ಹುರಿದು ಬೆಲ್ಲ ಬೆರೆಸಿದ ನನ್ಯರಿ ಹಂಚುತ್ತಾರೆ. ಬೇಟೆ ಬಿಟ್ಟರೆ ಸಂಸ್ಕೃತಿಯೇ ಅಳಿಯುತ್ತದೆ ಎಂಬ ವಾದಕ್ಕೆ ಕೆಡ್ಡಸವೇ ಉತ್ತರ.