ಮನೆ ಬಿಟ್ಟು ಬಂದವರು, ಮನೆ ಕಟ್ಟಿದವರು

ನಮ್ಮ ರಾಮಮೂರ್ತಿ ನಗರದ ದಕ್ಷಿಣಕ್ಕೆ ಹಳೆಯ ಮದರಾಸು ರಸ್ತೆಯೂ ರೈಲು ಹಾದಿಯೂ ಸಾಗುತ್ತವೆ. ದಿನವೂ ಈ ದಾರಿಯಲ್ಲಿ ಓಡಾಡುವ ನಮಗೆ ಅದರ ಪೂರ್ವಕಥೆ ನೆನಪಿಗೆ ಬರುವುದು ಅಪರೂಪ. 1809ರಲ್ಲಿ ದಂಡುಪ್ರದೇಶ ಸ್ಥಾಪನೆಯಾದಾಗಿನಿಂದ ಮದರಾಸಿನ ಕಡೆಯ ಪ್ರಯಾಣಿಕರು ಎತ್ತಿನ ಬಂಡಿಗಳಲ್ಲಿ, ಪಲ್ಲಕ್ಕಿಗಳಲ್ಲಿ ಕೃಷ್ಣರಾಜಪುರವನ್ನು ಹಾದು ಹಲಸೂರಿಗೆ ಬರುತ್ತಿದ್ದರು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ರೈಲು ಬಂದ ಮೇಲೆ ಹಲವು ದಿನಗಳ ಆ ಪಯಣವು ಒಂದು ಹಗಲು ರಾತ್ರಿಗಳೊಳಗಿನ ಮಾತಾಯಿತು. ವರ್ತಕರು, ಸಿಪಾಯಿಗಳು, ಸರಕಾರಿ ಅಧಿಕಾರಿಗಳ ಜೊತೆಗೆ ಇನ್ನೊಂದು ಬಗೆಯ ಜನರೂ ಈ ಪೂರ್ವದ ಹೆಬ್ಬಾಗಿಲಿನಿಂದ ನಮ್ಮ ನಾಡನ್ನು ಹೊಕ್ಕರು. ಅವರೇ ಕ್ರೈಸ್ತ ಧರ್ಮಪ್ರಚಾರಕರು.

ಅವರು ಕಟ್ಟಿದ ದೇವಾಲಯಗಳನ್ನೂ, ತೆರೆದ ಶಾಲೆ ಆಸ್ಪತ್ರೆಗಳನ್ನೂ ಕುರಿತು ಇಂತಹ ಸಂಚಿಕೆಗಳಲ್ಲಿ ಬೇಕಾದಷ್ಟು ಬರೆಯಲಾಗಿದೆ. ಆದರೆ ಅವರ ಮನೆಯ ಬಾಳು ಹೇಗಿತ್ತು? ಬೆಳಗಿನಿಂದ ಸಂಜೆಯವರೆಗೆ ಅವರು ಯಾರ ಮುಖ ನೋಡಿದರು, ಯಾರ ಕೈ ಅಡುಗೆ ಉಂಡರು, ಯಾರಿಂದ ಮಾತು ಕಲಿತರು? ಈ ಶತಮಾನೋತ್ಸವದ ಸಂದರ್ಭದಲ್ಲಿ ಆ ಪ್ರಶ್ನೆಯನ್ನು ಕೇಳಿಕೊಳ್ಳುವುದು ಉಚಿತವೆಂದು ತೋರುತ್ತದೆ. ಏಕೆಂದರೆ ಆ ಮನೆಗಳ ಬಾಗಿಲಲ್ಲಿ ನಿಂತಿದ್ದವರು ನಮ್ಮ ಹಿರಿಯರೇ.

ನಮ್ಮ ಕಥೋಲಿಕ ಗುರುಗಳಿಗೆ ಹೆಂಡತಿ ಮಕ್ಕಳಿಲ್ಲ. ಹಾಗಿರುವಾಗ ಧರ್ಮಪ್ರಚಾರಕರ ಕುಟುಂಬಜೀವನವೆಂದರೇನು ಎಂದು ಯಾರಾದರೂ ಕೇಳಬಹುದು. ಅವರಿಗೂ ತಾಯಿತಂದೆಗಳಿದ್ದರು, ಒಡಹುಟ್ಟಿದವರಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಗುರುಗಳು ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಸ್ಥೆಗೆ ಸೇರಿದವರು. ಹೊರಡುವ ಗುರುಗಳನ್ನು ಪ್ಯಾರಿಸ್ಸಿನ ಮಾತೃಗೃಹದ ಪ್ರಾರ್ಥನಾಲಯದಲ್ಲಿ ಪೀಠದ ಮುಂದೆ ನಿಲ್ಲಿಸಿ, ನೆರೆದವರು ಒಬ್ಬೊಬ್ಬರಾಗಿ ಬಂದು ಅವರ ಪಾದಗಳಿಗೆ ಮುತ್ತಿಡುವ ಪದ್ಧತಿಯಿತ್ತು. ಆ ಬೀಳ್ಕೊಡುಗೆಗಾಗಿ ಪ್ರಖ್ಯಾತ ಸಂಗೀತಗಾರ ಶಾರ್ಲ್ ಗುನೋ ಗೀತೆಯೊಂದಕ್ಕೆ ರಾಗ ಸಂಯೋಜಿಸಿದ್ದರು. ಹೊರಟವರು ಮರಳಿ ಬರುವ ಎಣಿಕೆಯಿಟ್ಟುಕೊಂಡು ಹೊರಡುತ್ತಿರಲಿಲ್ಲ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮುಂಚೆ ಕಾಗದಪತ್ರಗಳೂ ತಡವಾಗಿ ಬರುತ್ತಿದ್ದ ಕಾಲ. ತಾಯಿ ತೀರಿಕೊಂಡ ಸುದ್ದಿ ಮಗನ ಕೈಸೇರುವ ವೇಳೆಗೆ ಆಕೆಯ ಸಮಾಧಿಯ ಮೇಲೆ ಹುಲ್ಲು ಬೆಳೆದಿರುತ್ತಿತ್ತು.

ಹೀಗೆ ಬಂಧುಬಳಗವನ್ನು ಬಿಟ್ಟು ಬಂದವರಿಗೆ ಇಲ್ಲಿನ ಜನರೇ ಬಳಗವಾಗಬೇಕಿತ್ತು. ಇದಕ್ಕೆ ಮೊದಲ ನಿದರ್ಶನ ಅಬ್ಬೆ ದ್ಯುಬುವಾ ಸ್ವಾಮಿಗಳು. 1792ರಲ್ಲಿ ಭಾರತಕ್ಕೆ ಬಂದ ಅವರು ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು ಸೀಮೆಯ ಕ್ರೈಸ್ತರ ಹೊಣೆ ಹೊತ್ತು, ಈ ನಾಡಿನ ಉಡುಪನ್ನು ತೊಟ್ಟು, ಜನರಿಗೆ ಹೇವರಿಕೆಯಾಗುವ ಆಹಾರವನ್ನು ತೊರೆದು ಬಾಳಿದರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಸಿಡುಬಿನ ಹಾವಳಿಯನ್ನು ತಡೆಯಲು ಆಗ ಹೊಸದಾಗಿದ್ದ ಗೋವಿನ ಸಿಡುಬಿನ ಲಸಿಕೆಯನ್ನು ಹಾಕಿಸುವುದಕ್ಕಾಗಿ ಅವರು ಹಳ್ಳಿಹಳ್ಳಿ ಅಲೆದರು. 1803-04ರ ಅವಧಿಯಲ್ಲಿ 25,432 ಮಂದಿಗೆ ಲಸಿಕೆಯಾಯಿತೆಂಬ ಲೆಕ್ಕ ಉಳಿದುಬಂದಿದೆ. ತನ್ನ ಮಗುವಿನ ತೋಳನ್ನು ಪರದೇಶಿಯ ಸೂಜಿಗೆ ಒಡ್ಡಿದ ಹಳ್ಳಿಯ ತಾಯಿಯ ಮನಸ್ಸಿನಲ್ಲಿ ಎಷ್ಟು ಭಯವಿತ್ತೋ, ಎಷ್ಟು ನಂಬಿಕೆಯಿತ್ತೋ! ಆ ನಂಬಿಕೆ ಒಂದೇ ದಿನದಲ್ಲಿ ಹುಟ್ಟುವಂಥದಲ್ಲ. ಅವರೊಡನೆ ಕುಳಿತು, ಅವರ ಮಾತನ್ನಾಡಿ, ಅವರ ಜಗಲಿಯ ಮೇಲೆ ಹೊತ್ತು ಕಳೆದವರಿಗೆ ಮಾತ್ರ ಅದು ದಕ್ಕುತ್ತದೆ. 1823ರಲ್ಲಿ ಫ್ರಾನ್ಸಿಗೆ ಮರಳಿದ ಸ್ವಾಮಿಗಳು ತಮ್ಮ ಧರ್ಮಪ್ರಚಾರದ ಫಲದ ವಿಷಯದಲ್ಲಿ ನಿರಾಶರಾಗಿದ್ದರು. ಆದರೆ ಅವರು ಉಳಿಸಿದ ಜೀವಗಳ ಲೆಕ್ಕ ಬೇರೆಯೇ ಇದೆ.

ಭಾಷೆ ಕಲಿಯುವುದೇ ಪ್ರತಿಯೊಬ್ಬ ಗುರುವಿನ ಮೊದಲ ತಪಸ್ಸು. ಪಾಪನಿವೇದನೆಯನ್ನು ದುಭಾಷಿಯ ಮೂಲಕ ಕೇಳುವುದು ಕಷ್ಟವಷ್ಟೆ. ಮೈಸೂರು ಸೀಮೆಯು 1850ರಲ್ಲಿ ಪ್ರತ್ಯೇಕ ಪ್ರೇಷಿತ ಪ್ರಾಂತವಾಗಿ, ಶಾರ್ಬೊನೋ ಸ್ವಾಮಿಗಳು ಅದರ ಧರ್ಮಾಧ್ಯಕ್ಷರಾದ ಮೇಲೆ, 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಬೆಂಗಳೂರಿನಲ್ಲಿ ಅಚ್ಚಾದವು. ಕಿಟ್ಟೆಲರ ಮಹಾನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕಿಂತ ಸುಮಾರು ನಾಲ್ಕು ದಶಕಗಳ ಹಿಂದಿನ ಕೆಲಸವಿದು. ಇಂಥ ಗ್ರಂಥಗಳ ಮುಖಪುಟದಲ್ಲಿ ಎಂದೂ ಕಾಣಿಸದ ಸಹಕರ್ತರಿದ್ದರು. ಒಂದೊಂದು ಪದವನ್ನು ಗುರುಗಳ ಕಿವಿಗೆ ಹಾಕಿದವರು ಉಪದೇಶಿಗಳು, ಅಡುಗೆಯವರು, ಬಾವಿಕಟ್ಟೆಯಲ್ಲಿ ನೀರು ಸೇದುವವರು, ಹೊಲದ ಬದುವಿನಲ್ಲಿ ನಿಂತು ಮಾತಾಡಿದ ಒಕ್ಕಲಿಗರು.

ಪ್ರೊಟೆಸ್ಟಂಟ್ ಸಹೋದರರ ಮಿಷನ್ ಮನೆಗಳ ಕಥೆ ಬೇರೆ. ಅವರು ಹೆಂಡತಿ ಮಕ್ಕಳೊಡನೆ ಬಂದರು. ಕ್ರೈಸ್ತ ಐಕ್ಯವನ್ನು ಕುರಿತ ಎರಡನೆಯ ವ್ಯಾಟಿಕನ್ ಮಹಾಸಭೆಯ 1964ರ ಆದೇಶಪತ್ರವು ಅವರನ್ನು ಸಹೋದರಭಾವದಿಂದ ಕಾಣಲು ನಮಗೆ ಕಲಿಸಿರುವುದರಿಂದ ಅವರ ಮನೆಗಳನ್ನೂ ಇಲ್ಲಿ ನೆನೆಯುವುದು ಧರ್ಮವೇ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ದಂಪತಿಗಳಿಗೆ 1837ರಲ್ಲಿ ಬೆಂಗಳೂರಿನಲ್ಲೇ ಒಂದು ಗಂಡುಮಗು ಹುಟ್ಟಿತು. ಆ ಮಗುವೇ ಮುಂದೆ ಸಾವಿರಾರು ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಬೆಳಕಿಗೆ ತಂದ ಬಿ. ಎಲ್. ರೈಸ್. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರ ತಮ್ಮ. ಅವರ ತಾಯಿ ಶ್ರೀಮತಿ ರೈಸ್ 1840ರ ದಶಕದ ಆರಂಭದಲ್ಲಿಯೇ ಶ್ರೀಮತಿ ಸ್ಯುಯೆಲರೊಡನೆ ಕನ್ನಡದ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದವರು. ಹೆಣ್ಣುಮಗಳನ್ನು ಅಕ್ಷರ ಕಲಿಯಲು ಹೊರಗೆ ಕಳುಹಿಸದ ಆ ದಿನಗಳಲ್ಲಿ ಗಂಡಸಾದ ಪಾದ್ರಿ ಕಾಲಿಡಲಾಗದ ಒಳಮನೆಗೆ ಪಾದ್ರಿಯ ಹೆಂಡತಿ ಕಾಲಿಡಬಲ್ಲವಳಾಗಿದ್ದಳು. ಕಥೋಲಿಕರಲ್ಲಿ ಆ ಕೆಲಸವನ್ನು ಕೈಗೆತ್ತಿಕೊಂಡವರು ಕನ್ಯಾಸ್ತ್ರೀಯರು. ಫ್ರಾನ್ಸಿನ ಆಂಜೇ ಪಟ್ಟಣದಲ್ಲಿ ಮಾತೃಗೃಹವುಳ್ಳ ಗುಡ್ ಶೆಫರ್ಡ್ ಸಂಸ್ಥೆಯವರು 1854ರಲ್ಲಿ ಬೆಂಗಳೂರಿಗೆ ಬಂದು ಶಾಲೆ ತೆರೆದರು. 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಸ್ಥಾಪಿಸಿದರು. ಪಿರನೀಸ್ ಪರ್ವತದ ತಪ್ಪಲಿನಿಂದ ತಾರ್ಬಿನ ಸಂತ ಜೋಸೆಫರ ಸಹೋದರಿಯರು 1882ರಲ್ಲಿ ಬಂದರು. ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ ಪ್ರತಿಷ್ಠೆಯಾದದ್ದೂ ಆ ವರ್ಷವೇ, ಸೆಪ್ಟೆಂಬರ್ 8ರಂದು.

ಮಿಷನ್ ಮನೆಯ ಸಂತೋಷಕ್ಕೆ ಅದರದೇ ಆದ ಬೆಲೆಯಿತ್ತು. ಮಂಗಳೂರಿನಲ್ಲಿ 1834ರಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನಲ್ಲಿ ಮದುವೆಯಾಗಬೇಕಾದರೆ ಆಡಳಿತ ಸಮಿತಿಯ ಒಪ್ಪಿಗೆ ಬೇಕಿತ್ತು. ಹುಟ್ಟಿದ ಮಕ್ಕಳನ್ನು ಆರೇಳು ವರ್ಷವಾಗುತ್ತಲೇ ವಿದ್ಯಾಭ್ಯಾಸಕ್ಕಾಗಿ ಯೂರೋಪಿಗೆ ಕಳುಹಿಸುವ ನಿಯಮ ಬಂದು, 1853ರಿಂದ ಬಾಸೆಲ್ ಪಟ್ಟಣದಲ್ಲಿ ಅವರಿಗಾಗಿಯೇ ಮಕ್ಕಳ ಮನೆ ನಡೆಯಿತು. ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ಎಳೆವಯಸ್ಸಿನಲ್ಲೇ ಆಕೆಯನ್ನು ಯೂರೋಪಿನಲ್ಲಿ ಬಿಟ್ಟು ತಾಯಿತಂದೆಗಳು ಮರಳಿದರು. ಆಕೆ ಮತ್ತೆ ಭಾರತವನ್ನು ಕಂಡದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಮುಂದೆ ಜರ್ಮನ್ ಸಾಹಿತಿ ಹರ್ಮನ್ ಹೆಸ್ಸೆಗೆ ತಾಯಿಯಾದವಳು ಇವಳೇ. ಆಯಾಳ ಸೆರಗು ಹಿಡಿದು ನಡೆದ ಮಗು, ಆಯಾಳ ಜೋಗುಳಕ್ಕೆ ಕಣ್ಣುಮುಚ್ಚಿದ ಮಗು ಒಂದು ದಿನ ಹಡಗು ಹತ್ತುತ್ತಿತ್ತು. ತಾಯಿ ಅತ್ತದ್ದು ಕಾಗದಗಳಲ್ಲಿ ದಾಖಲಾಯಿತು. ಓದುಬರಹ ಬಾರದ ಆಯಾಳ ಅಳು ಎಲ್ಲಿಯೂ ದಾಖಲಾಗಲಿಲ್ಲ.

ಇದಕ್ಕೆ ವಿಪರ್ಯಾಸವೋ ಎಂಬಂತೆ, ತಮ್ಮ ಸ್ವಂತ ಮಕ್ಕಳಿಲ್ಲದವರ ಮನೆಗಳು ಮಕ್ಕಳಿಂದ ತುಂಬಿದವು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಮಹಾಕ್ಷಾಮದಲ್ಲಿ ಸುಮಾರು ಐವತ್ತು ಲಕ್ಷ ಜನಸಂಖ್ಯೆಯಲ್ಲಿ ಹತ್ತು ಲಕ್ಷದಷ್ಟು ಮಂದಿ ಅಳಿದರೆಂದು ಅಂದಾಜು. ತಾಯಿತಂದೆಗಳನ್ನು ದಾರಿಯಲ್ಲೇ ಕಳೆದುಕೊಂಡ ಮಕ್ಕಳನ್ನು ಮಿಷನ್ನುಗಳ ಅನಾಥಾಲಯಗಳು ಒಳಗೆ ಕರೆದುಕೊಂಡವು. ಒಂದು ಹೆಸರಿಟ್ಟು, ಒಂದು ತಟ್ಟೆ ಕೊಟ್ಟು, ಒಂದು ಕಸುಬು ಕಲಿಸಿ, ಮದುವೆ ಮಾಡಿಸಿ ಮನೆ ಹೂಡಿಸಿದವು. ಹಸಿದವರನ್ನು ಅನ್ನದಾಸೆಯಿಂದ ಮತಕ್ಕೆ ಸೇರಿಸಿಕೊಂಡರೆಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಅದನ್ನು ನಾವು ಕೇಳಿಸಿಕೊಳ್ಳಬೇಕು, ಕೋಪಿಸಿಕೊಳ್ಳಬೇಕಾಗಿಲ್ಲ. ಆದರೆ ಸಾಯುತ್ತಿದ್ದ ಮಗುವನ್ನು ಎತ್ತಿಕೊಂಡ ಕೈ ಮೊದಲು ಅದರ ಬಾಯಿಗೆ ಗಂಜಿ ಹಾಕಿತೆಂಬುದೂ ಅಷ್ಟೇ ನಿಜ.

ಆ ಮನೆಗಳಲ್ಲಿ ಕುಂದುಗಳೇ ಇರಲಿಲ್ಲವೆಂದು ಹೇಳುವುದು ಇತಿಹಾಸಕ್ಕೆ ಮಾಡುವ ಅಪಚಾರವಾದೀತು. ದೊರೆಗಳ ಬಂಗಲೆಯಂತೆ ಮಿಷನ್ ಬಂಗಲೆಗೂ ಒಂದು ಮುಂಬಾಗಿಲು, ಒಂದು ಹಿಂಬಾಗಿಲು ಇತ್ತು. ಬಟ್ಲರ್, ಆಯಾ, ಅಗಸ, ತೋಟಗಾರರೆಲ್ಲ ಹಿಂಬಾಗಿಲಿನವರು. ಅಡುಗೆಮನೆಗೆ ಯಾವ ಜಾತಿಯವನು ಬರಬಹುದು, ದೇವಾಲಯದಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ಜಗಳಗಳಲ್ಲಿ ಗುರುಗಳು ಎಲ್ಲ ಕಾಲದಲ್ಲೂ ದುರ್ಬಲರ ಪಕ್ಷ ವಹಿಸಲಿಲ್ಲ. ಹಾಗಿದ್ದರೂ ಒಂದೇ ಬಲಿಪೂಜೆಯಲ್ಲಿ ಒಂದೇ ಪ್ರಸಾದವನ್ನು ಸ್ವೀಕರಿಸಿದ ಯಜಮಾನನೂ ಆಳೂ ಮನೆಗೆ ಹಿಂದಿರುಗಿದಾಗ ಮೊದಲಿನವರಾಗಿ ಉಳಿಯುವುದು ಕಷ್ಟ. ನಿಧಾನವಾಗಿಯಾದರೂ ಹಿಂಬಾಗಿಲಿನವರ ಮಕ್ಕಳು ಮುಂಬಾಗಿಲಿಗೆ ಬಂದರು. ಶಿಕ್ಷಕರಾದರು, ದಾದಿಯರಾದರು, ಗುರುಗಳಾದರು. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತವಾಗಿ, 1953ರಲ್ಲಿ ಮಹಾಧರ್ಮಪ್ರಾಂತದ ಪದವಿಗೇರಿತು. ಕಾಲಕ್ರಮದಲ್ಲಿ ಅದರ ಹೊಣೆಯೆಲ್ಲ ಈ ನೆಲದ ಮಕ್ಕಳ ಹೆಗಲಿಗೆ ಬಂದಿತು.

ನಮ್ಮ ಪ್ರದೇಶವೂ ಬದಲಾಯಿತು. ಸಮೀಪದ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾದ ಮೇಲೆ ಹಲವು ಭಾಷೆಯ ಜನ ಇತ್ತ ಬಂದು ನೆಲೆಸಿದರು. ನಮ್ಮ ಪೀಠದ ಮುಂದೆ ಮೊಣಕಾಲೂರುವವರಲ್ಲಿ ಬಹುಮಂದಿ ಬೇರೆ ಊರುಗಳಲ್ಲಿ ತಾಯಿಮನೆಯನ್ನು ಬಿಟ್ಟು ಬಂದವರೇ. ಇದೀಗ ನಮ್ಮ ಮಕ್ಕಳು ಕೊಲ್ಲಿ ನಾಡುಗಳಿಗೆ, ಪಶ್ಚಿಮದ ದೇಶಗಳಿಗೆ ಹೋಗುತ್ತಿದ್ದಾರೆ. ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ಪರದೇಶಗಳ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಅಂದು ಪ್ಯಾರಿಸ್ಸಿನ ತಾಯಿ ಕಾದ ಕಾಗದಕ್ಕಾಗಿ ಇಂದು ರಾಮಮೂರ್ತಿ ನಗರದ ತಾಯಿ ದೂರವಾಣಿಯ ಕರೆಗಾಗಿ ಕಾಯುತ್ತಾಳೆ. ಕಾಯುವಿಕೆ ಮಾತ್ರ ಅದೇ.

ತನ್ನ ನಿಮಿತ್ತ ಮನೆಯನ್ನೂ ಬಂಧುಗಳನ್ನೂ ತೊರೆದವರಿಗೆ ಇಹದಲ್ಲಿಯೇ ನೂರ್ಮಡಿ ಮನೆಗಳೂ ತಾಯಂದಿರೂ ಸಹೋದರರೂ ದೊರಕುವರೆಂದು ಪ್ರಭು ಯೇಸು ಮಾತು ಕೊಟ್ಟಿದ್ದಾರೆ. ಆ ಮಾತನ್ನು ದೇವದೂತರು ಬಂದು ನೆರವೇರಿಸಲಿಲ್ಲ. ಜ್ವರದಲ್ಲಿ ಬಿದ್ದ ಪರದೇಶದ ಗುರುವಿಗೆ ರಾಗಿ ಗಂಜಿ ಕಾಯಿಸಿಕೊಟ್ಟ ಅಜ್ಜಿ, ಕತ್ತಲಲ್ಲಿ ಲಾಂದ್ರ ಹಿಡಿದು ಮುಂದೆ ನಡೆದ ಉಪದೇಶಿ, ಬಿಳಿಯ ಮಗುವನ್ನು ಕಂಕುಳಲ್ಲಿ ಹೊತ್ತ ಆಯಾ ಅದನ್ನು ನೆರವೇರಿಸಿದರು. ಬಂದವರ ಹೆಸರುಗಳು ದೇವಾಲಯಗಳ ಅಮೃತಶಿಲೆಯ ಫಲಕಗಳಲ್ಲಿವೆ. ಬರಮಾಡಿಕೊಂಡವರ ಹೆಸರುಗಳು ಜ್ಞಾನಸ್ನಾನದ ಹಳೆಯ ದಫ್ತರುಗಳಲ್ಲಿ, ಮಾಸಿದ ಶಾಯಿಯಲ್ಲಿ ಉಳಿದಿವೆ. ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಹಿರಿಯರ ಹೆಸರನ್ನು ಆ ಪುಟಗಳಲ್ಲಿ ಹುಡುಕಿ, ತಿಳಿದಷ್ಟನ್ನು ಮಕ್ಕಳಿಗೆ ಹೇಳಿ, ಮನೆಯ ಜಪಮಾಲೆಯ ಹೊತ್ತಿನಲ್ಲಿ ಅವರಿಗಾಗಿ ಒಂದು ಪ್ರಾರ್ಥನೆಯನ್ನು ಸಲ್ಲಿಸುವುದಾದರೆ ಈ ನೂರು ವರ್ಷಗಳ ಋಣದಲ್ಲಿ ಒಂದು ಪಾಲಾದರೂ ತೀರಿದಂತಾಗುವುದು.