ಮೂಕಿ ಚಿತ್ರದ ಹಾಡುಗಾರ್ತಿ: ಚಿಕ್ಕಮಗಳೂರಿನ ಬಿ. ಜಯಮ್ಮ

ಬಿ. ಜಯಮ್ಮ ಸಿನಿಮಾ ಕ್ಯಾಮೆರಾದ ಮುಂದೆ ಮೊದಲು ನಿಂತದ್ದು 1931ರಲ್ಲಿ. ಗುಬ್ಬಿ ವೀರಣ್ಣನವರು ತಯಾರಿಸಿದ ‘ಹಿಸ್ ಲವ್ ಅಫೇರ್’ ಎಂಬ ಆ ಚಿತ್ರವನ್ನು ನಿರ್ದೇಶಿಸಿದವರು ಬೆಲ್ಜಿಯಂನ ರಾಫೆಲ್ ಆಲ್ಗೋಯೆಟ್. ನಾಯಕ ವೀರಣ್ಣನವರೇ. ಜಯಮ್ಮನವರಿಗೆ ಆಗಿನ್ನೂ ಹದಿನಾರು ತುಂಬಿತ್ತೋ ಇಲ್ಲವೋ ಎನ್ನುವ ವಯಸ್ಸು. ನಾಟಕದ ಜನ ಅವರನ್ನು ಮೆಚ್ಚಿದ್ದು ಮುಖ್ಯವಾಗಿ ಅವರ ಕಂಠಕ್ಕಾಗಿ. ಆದರೆ ಈ ಚಿತ್ರ ಮೂಕಿ. ಹಾಡಿಗೆ ಹೆಸರಾದವರ ಸಿನಿಮಾ ಬದುಕು ಶುರುವಾದದ್ದು ತುಟಿ ಅಲುಗಿದರೂ ದನಿ ಕೇಳದ ಪರದೆಯ ಮೇಲೆ. ಕನ್ನಡ ಸಿನಿಮಾದ ಇತಿಹಾಸದಲ್ಲಿ ಇದಕ್ಕಿಂತ ವಿಚಿತ್ರವಾದ ಪಾದಾರ್ಪಣೆ ನನಗೆ ಕಂಡಿಲ್ಲ.

ನಾನು ವೃತ್ತಿರಂಗಭೂಮಿಯ ನಟಿಯರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಊರು ಹೊರನಾಡು. ನಮ್ಮ ಜಿಲ್ಲೆಯ ಕಲಾವಿದರ ಮಾತು ಬಂದಾಗ ಜನ ಬರಹಗಾರರ ಹೆಸರು ಹೇಳುತ್ತಾರೆ, ಭಾಗವತರ ಹೆಸರು ಹೇಳುತ್ತಾರೆ. 1915ರ ನವೆಂಬರ್ 26ರಂದು ಚಿಕ್ಕಮಗಳೂರಿನಲ್ಲಿ ಹುಟ್ಟಿ, ಕನ್ನಡ ಮತ್ತು ತೆಲುಗು ತೆರೆಯ ಮೇಲೆ ನಾಯಕಿಯಾಗಿ ಮೆರೆದ ಜಯಮ್ಮನವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಕಾಫಿ ಸೀಮೆಯವರು ಅವರನ್ನು ತಮ್ಮವರೆಂದುಕೊಂಡಿಲ್ಲ. ಗುಬ್ಬಿಯವರೆಂದು ಬಿಟ್ಟುಕೊಟ್ಟಿದ್ದೇವೆ.

ಇದಕ್ಕೆ ಒಂದು ಕಾರಣ ನಮ್ಮ ಕಡೆಯ ರಂಗದ ಅಭ್ಯಾಸದಲ್ಲೇ ಇದೆ. ಕಳಸ, ಹೊರನಾಡು, ಸಂಸೆ ಕಡೆಯವರಿಗೆ ರಂಗ ಎಂದರೆ ಮೊದಲು ಯಕ್ಷಗಾನ. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಟರೆ ಪತ್ತನಾಜೆಯವರೆಗೂ ತಿರುಗಾಟ. ಘಟ್ಟದ ಮೇಲೂ ಹರಕೆ ಆಟಗಳು. ಅಲ್ಲಿ ದ್ರೌಪದಿಯೂ ಗಂಡಸು, ದಮಯಂತಿಯೂ ಗಂಡಸು. ಕೋಳ್ಯೂರು ರಾಮಚಂದ್ರ ರಾಯರಂಥವರ ಸ್ತ್ರೀವೇಷ ಕಂಡವರಿಗೆ ಅದು ಕೊರತೆ ಅನ್ನಿಸುವ ಮಾತೇ ಇರಲಿಲ್ಲ. ನಮ್ಮಜ್ಜಿಗೂ ಹಾಗೇ. ನನ್ನ ಸಂಶೋಧನೆಯ ವಿಷಯ ಕೇಳಿ ಅವರು ಹೇಳಿದ್ದು ಇಷ್ಟೆ: “ಆಟದಲ್ಲಿ ಗಂಡಸು ಹೆಣ್ಣಾದ್ರೆ ಚಂದ ಅಂತಾರೆ ಮಗಾ. ನಾಟಕದಲ್ಲಿ ಹೆಣ್ಣು ಹೆಣ್ಣಾಗೇ ಬಂದ್ರೆ ಮಾತು ಬೇರೆ.” ಜಯಮ್ಮನವರ ಇಡೀ ವೃತ್ತಿಜೀವನ ಈ ‘ಬೇರೆ ಮಾತಿ’ನ ನಡುವೆಯೇ ಸಾಗಿತು.

ಕಂಪನಿ ನಾಟಕಗಳಲ್ಲೂ ಬಹುಕಾಲ ಸ್ತ್ರೀಪಾತ್ರ ಗಂಡಸರದೇ. ಸಿನಿಮಾ ಕೂಡ ಅಲ್ಲಿಂದಲೇ ಹೊರಟಿತು: 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯಾದವರು ಸಾಳುಂಕೆ ಎಂಬ ಗಂಡಸು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಸೀರೆ ಉಟ್ಟ ಬಗೆಯನ್ನು ನೋಡಿ ಹೆಂಗಸರು ಸೀರೆ ಉಡುವುದನ್ನು ಕಲಿತರು ಎಂಬ ಮಾತೇ ಇದೆ. ಅಂಥ ಬಾಲಗಂಧರ್ವರು ‘ಸಾಧ್ವಿ ಮೀರಾಬಾಯಿ’ ಚಿತ್ರದಲ್ಲಿ ಸ್ತ್ರೀಪಾತ್ರದಲ್ಲೇ ಕ್ಯಾಮೆರಾದ ಮುಂದೆ ನಿಂತಾಗ ಜನ ಒಪ್ಪಲಿಲ್ಲ. ಇಪ್ಪತ್ತು ಮಾರು ದೂರದಿಂದ ನಂಬಿಸುತ್ತಿದ್ದ ಮುಖ ಹತ್ತಿರದಿಂದ ನಂಬಿಸಲಿಲ್ಲ. ಕ್ಯಾಮೆರಾ ಬಂದ ಮೇಲೆ ನಟಿಯ ಅಗತ್ಯ ಹೆಚ್ಚಿತು ಎನ್ನುವುದು ನಿಜ. ಆದರೆ ಕನ್ನಡದಲ್ಲಿ ಕ್ಯಾಮೆರಾಕ್ಕೆ ಮುಂಚೆಯೇ ಹೆಂಗಸರು ರಂಗ ಹತ್ತಿದ್ದರು ಎನ್ನುವುದನ್ನು ಮರೆಯಬಾರದು. ಉತ್ತರ ಕರ್ನಾಟಕದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ನಾಟಕ ಮಂಡಳಿ ನಡೆಸಿದ್ದರು. ಹಳೆ ಮೈಸೂರಿನ ಕಡೆ ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ಕೊಡುವ ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದು ಗುಬ್ಬಿ ಕಂಪನಿ. ಸುಂದರಮ್ಮ, ಆಮೇಲೆ ಜಯಮ್ಮ. ಎಳೆಯ ವಯಸ್ಸಿನಲ್ಲಿ ಕಂಪನಿಗೆ ಬಂದ ಜಯಮ್ಮ ಮುಂದೆ ವೀರಣ್ಣನವರ ಪತ್ನಿಯರಲ್ಲಿ ಒಬ್ಬರಾದರು.

ಇಲ್ಲಿ ಒಂದು ಪಕ್ಕದ ದಾರಿ ಹಿಡಿಯುತ್ತೇನೆ. ಜರ್ಮನ್ ರಂಗಭೂಮಿಯ ಚರಿತ್ರೆ ಓದುವಾಗ ಕರೊಲೀನ್ ನೊಯ್ಬರ್ ಎಂಬ ನಟಿ ಸಿಕ್ಕಿದರು. 1697ರಲ್ಲಿ ಹುಟ್ಟಿದವರು, ಕ್ರೂರಿ ತಂದೆಯ ಮನೆ ಬಿಟ್ಟು ಪ್ರಿಯಕರನ ಜೊತೆ ಓಡಿಹೋಗಿ, ಅವನನ್ನೇ ಮದುವೆಯಾಗಿ, ಊರೂರು ತಿರುಗುವ ನಾಟಕ ತಂಡ ಸೇರಿ, ಕೊನೆಗೆ ತಮ್ಮದೇ ತಂಡ ಕಟ್ಟಿ ಲೈಪ್‌ಜಿಗ್‌ನಲ್ಲಿ ನೆಲೆಯೂರಿದರು. ಜರ್ಮನ್ ನಾಟಕಕ್ಕೆ ಮರ್ಯಾದೆ ಬರಬೇಕಾದರೆ ಮೊದಲು ಹಾಸ್ಯಗಾರ ಹೋಗಬೇಕು ಎಂದು ಅವರೂ ವಿದ್ವಾಂಸ ಗಾಟ್‌ಶೆಡ್ಡನೂ ತೀರ್ಮಾನಿಸಿದರು. 1737ರಲ್ಲಿ ‘ಹಾನ್ಸ್‌ವುರ್ಸ್ಟ್’ ಎಂಬ ಜನಪ್ರಿಯ ವಿದೂಷಕನನ್ನು ರಂಗದ ಮೇಲೆಯೇ ವಿಧಿಪೂರ್ವಕ ಗಡೀಪಾರು ಮಾಡಿದರು. ಹುಡುಗ ಲೆಸ್ಸಿಂಗ್‌ನ ಮೊದಲ ನಾಟಕವನ್ನು 1748ರಲ್ಲಿ ಆಡಿಸಿದವರೂ ಅವರೇ. ಆದರೂ 1760ರಲ್ಲಿ ಡ್ರೆಸ್ಡನ್ ಬಳಿಯ ಹಳ್ಳಿಯೊಂದರಲ್ಲಿ ಬಡತನದಲ್ಲಿ ಸತ್ತರು. ನಟಿಯೆಂಬ ಕಾರಣಕ್ಕೆ ಪಾದ್ರಿ ಸ್ಮಶಾನದ ಬಾಗಿಲು ತೆರೆಯಲಿಲ್ಲ, ಶವಪೆಟ್ಟಿಗೆಯನ್ನು ಗೋಡೆಯ ಮೇಲಿಂದ ದಾಟಿಸಿದರು ಎಂಬ ಕಥೆ ಅಲ್ಲಿ ಇಂದಿಗೂ ಓಡಾಡುತ್ತದೆ.

ನೊಯ್ಬರ್ ಬದುಕನ್ನು ಗುಬ್ಬಿ ಕಂಪನಿಯ ಪಕ್ಕ ಇಟ್ಟು ನೋಡಿದರೆ ತಮಾಷೆಯಾದ ತಿರುವು ಕಾಣುತ್ತದೆ. ಅಲ್ಲಿ ಹೆಣ್ಣು ಮರ್ಯಾದೆಗಾಗಿ ವಿದೂಷಕನನ್ನು ಓಡಿಸಿದಳು. ಇಲ್ಲಿ ವಿದೂಷಕನೇ ಕಂಪನಿಯ ಯಜಮಾನ! ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ವೀರಣ್ಣನವರು ಮಾಡುತ್ತಿದ್ದ ಹಾಸ್ಯಕ್ಕೆ ಟಿಕೆಟ್ ಮಾರಾಟವಾಗುತ್ತಿತ್ತು. ಹಾಗಾದರೆ ಮರ್ಯಾದೆ ತರುವ ಕೆಲಸ ಯಾರ ಪಾಲಿಗೆ ಬಿತ್ತು? ನನ್ನ ಉತ್ತರ: ನಟಿಯರ ಪಾಲಿಗೆ. ಯಜಮಾನರು ನಗಿಸಿದರು, ನಟಿಯರು ಪತಿವ್ರತೆಯರಾದರು.

1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಜಯಮ್ಮನವರ ಕಾಲಕ್ಕೆ ಒಂದು ಚಲಿಸುವ ಊರಿನಂತಾಗಿತ್ತು. ಪರದೆ, ಸೀನರಿ, ದೀಪದ ವ್ಯವಸ್ಥೆ, ಅಡುಗೆಯವರು, ಮಕ್ಕಳು-ಮರಿ ಎಲ್ಲವೂ ಜೊತೆಗೇ ಸಾಗಬೇಕು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಇಂಥ ವೈಭವವನ್ನು ಇತಿಹಾಸಕಾರರು ಬಾಯ್ತುಂಬ ಹೊಗಳುತ್ತಾರೆ. ನನಗೆ ಹೆಚ್ಚು ಕುತೂಹಲ ಇರುವುದು ಆನೆಯ ಎದುರು ಹಾಡಬೇಕಾದವರ ಬಗ್ಗೆ. ಮೈಕಿಲ್ಲದ ಕಾಲದ ರಂಗವದು. ಹಾರ್ಮೋನಿಯಂ ಏರುಶ್ರುತಿಯಲ್ಲಿ ಹಿಡಿದರೆ ಹಾಡು ನೆಲದ ಮೇಲೆ ಕೂತವರನ್ನು ದಾಟಿ ಹಿಂದಿನ ಬೆಂಚಿನವರಿಗೂ ಮುಟ್ಟಬೇಕು. ಜನ ‘ಒನ್ಸ್ ಮೋರ್’ ಎಂದರೆ ಅದೇ ಹಾಡು ಮತ್ತೆ, ಕಥೆ ಅಲ್ಲಿಯೇ ನಿಂತಿರುತ್ತದೆ. ಇದು ರಾತ್ರಿ ಊಟದ ನಂತರ ಶುರುವಾಗಿ ಬೆಳಗಿನ ಜಾವದ ತನಕ, ವಾರದಲ್ಲಿ ಎಷ್ಟೋ ರಾತ್ರಿ. ಜಯಮ್ಮನವರ ಕಂಠವನ್ನು ತಯಾರು ಮಾಡಿದ ಶಾಲೆ ಇದು. ಅದೇ ಹೊತ್ತಿನಲ್ಲಿ ಹಿಮಾಂಶು ರಾಯ್ ಜೊತೆ ಬರ್ಲಿನ್‌ಗೆ ಹೋಗಿದ್ದ ದೇವಿಕಾ ರಾಣಿ ಅಲ್ಲಿನ ಉಫಾ ಸ್ಟುಡಿಯೋದಲ್ಲಿ ಸಿನಿಮಾ ಕೆಲಸ ಕಲಿಯುತ್ತಿದ್ದರು. ಆಕೆ ಕೊನೆಗೆ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿ ನಮ್ಮವರೇ ಆದರು. ಅವರ ಎಸ್ಟೇಟು, ಅವರ ಫಾಲ್ಕೆ ಪ್ರಶಸ್ತಿ ಎಲ್ಲವೂ ನಮಗೆ ಗೊತ್ತು. ಟೆಂಟಿನಲ್ಲಿ ಕಲಿತವರ ಬಗ್ಗೆ ಅಷ್ಟು ಗೊತ್ತಿಲ್ಲ.

ಮೂಕಿಯ ನಂತರ 1934ರ ಮಾರ್ಚ್‌ನಲ್ಲಿ ‘ಸತಿ ಸುಲೋಚನಾ’ ಬಂದು ಕನ್ನಡ ತೆರೆ ಮಾತಾಡತೊಡಗಿತು. ಅದರ ನಾಯಕಿ ತ್ರಿಪುರಾಂಬ. ಜಯಮ್ಮನವರಿಗೆ ಸಿನಿಮಾದಲ್ಲಿ ದನಿ ಸಿಕ್ಕಿದ ಮೇಲೆ ಅವರ ದೊಡ್ಡ ವರ್ಷಗಳು 1940ರ ದಶಕದವು. ಆ ಮೂರ್ನಾಲ್ಕು ವರ್ಷಗಳ ಪಾತ್ರಗಳನ್ನು ಸಾಲಾಗಿ ನೋಡಬೇಕು.

1945ರಲ್ಲಿ ಬಿ.ಎನ್. ರೆಡ್ಡಿಯವರ ತೆಲುಗು ಚಿತ್ರ ‘ಸ್ವರ್ಗಸೀಮ’. ಪತ್ರಿಕಾ ಸಂಪಾದಕನೊಬ್ಬ ನಾಟಕದ ನಟಿಯ ಮೋಹಕ್ಕೆ ಬಿದ್ದು ಹೆಂಡತಿ ಮಕ್ಕಳನ್ನು ಬಿಡುತ್ತಾನೆ, ಕೊನೆಗೆ ಮನೆಗೆ ಮರಳುತ್ತಾನೆ. ಸಂಪಾದಕನಾಗಿ ಚಿತ್ತೂರು ನಾಗಯ್ಯ, ಬೀದಿ ಹಾಡುಗಾರ್ತಿಯಿಂದ ರಂಗತಾರೆಯಾಗುವ ಹೆಣ್ಣಾಗಿ ಭಾನುಮತಿ, ಬಿಟ್ಟ ಹೆಂಡತಿ ಕಲ್ಯಾಣಿಯಾಗಿ ಜಯಮ್ಮ. ಭಾನುಮತಿಯವರಿಗೆ ಈ ಚಿತ್ರ ದೊಡ್ಡ ಹೆಸರು ತಂದಿತು, ಘಂಟಸಾಲ ಅವರ ಹಿನ್ನೆಲೆ ಗಾಯನವೂ ಇಲ್ಲಿಂದಲೇ. ನನಗೆ ಇದರಲ್ಲಿ ಕಾಣುವುದು ಬೇರೆ. ಚಿತ್ರದಲ್ಲಿ ಸಂಸಾರ ಒಡೆಯುವ ‘ನಾಟಕದವಳು’ ಭಾನುಮತಿ. ಆದರೆ ಬಾಲ್ಯದಿಂದ ಬಣ್ಣದ ಪೆಟ್ಟಿಗೆಯ ಜೊತೆ ಬೆಳೆದ ನಿಜವಾದ ನಾಟಕದವರು ಜಯಮ್ಮ. ಅವರು ಮನೆಯೊಳಗೆ ಕೂತು, ನಾಟಕದವಳಿಂದ ಕೆಟ್ಟೆ ಎಂದು ಅಳುವ ಗೃಹಿಣಿಯಾದರು. ತಮ್ಮ ವೃತ್ತಿಯನ್ನೇ ಅಪರಾಧಿಯಾಗಿ ನಿಲ್ಲಿಸಿದ ಕಥೆಯಲ್ಲಿ ಫಿರ್ಯಾದಿಯ ಪಾತ್ರ! ಜನ ನಂಬಿದರು. ಅಷ್ಟು ಚೆನ್ನಾಗಿ ಮಾಡಿದರು ಎನ್ನುವುದು ಒಂದು. ಅಂಥ ಪಾತ್ರಗಳೇ ನಟಿಗೆ ನಡತೆಯ ಸರ್ಟಿಫಿಕೇಟ್ ಆಗಿದ್ದವು ಎನ್ನುವುದು ಇನ್ನೊಂದು.

ಮರುವರ್ಷ ನಾಗಯ್ಯನವರ ‘ತ್ಯಾಗಯ್ಯ’. ಅದರಲ್ಲಿ ತ್ಯಾಗರಾಜರ ಹೆಂಡತಿ ಧರ್ಮಾಂಬೆ. ಅದೇ ಆಸುಪಾಸಿನಲ್ಲಿ ಕನ್ನಡದ ‘ಹೇಮರೆಡ್ಡಿ ಮಲ್ಲಮ್ಮ’. ಹೊನ್ನಪ್ಪ ಭಾಗವತರು, ವೀರಣ್ಣನವರ ಜೊತೆ ಜಯಮ್ಮನವರೇ ಮಲ್ಲಮ್ಮ. ಅತ್ತೆ-ನೆಗೆಣ್ಣಿಯರ ಕಾಟ, ಮುಗ್ಧ ಗಂಡ, ಶ್ರೀಶೈಲದ ಮಲ್ಲಿಕಾರ್ಜುನನ ಮೇಲೆ ಅಚಲ ಭಕ್ತಿ: ಮಲ್ಲಮ್ಮನ ಕಥೆ ಹಳ್ಳಿಹಳ್ಳಿಗೂ ಗೊತ್ತು. ಸೊಸೆಯಾಗಿ ಬಂದ ಪ್ರತಿ ಹೆಂಗಸಿಗೂ ಅದು ಅವಳದೇ ಕಥೆಯ ಒಂದು ತುಂಡು. ಜಯಮ್ಮನವರನ್ನು ಕನ್ನಡಿಗರು ಇಂದಿಗೂ ನೆನೆಯುವುದಿದ್ದರೆ ಈ ಪಾತ್ರಕ್ಕಾಗಿ. ಕಲ್ಯಾಣಿ, ಧರ್ಮಾಂಬೆ, ಮಲ್ಲಮ್ಮ: ಮೂವರೂ ಸಹಿಸುವವರು.

ಇದನ್ನು ‘ಶೋಷಣೆ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವ ಓದು ನನಗೆ ಒಪ್ಪಿಗೆಯಿಲ್ಲ. ಹೆಂಗಸರು ರಂಗ ಹತ್ತಿದರೆ ಹೆಸರು ಕೆಡುತ್ತದೆ ಎಂಬ ಕಾಲದಲ್ಲಿ, ಹೆಸರು ಕೆಡದ ಪಾತ್ರಗಳ ಮೂಲಕ ದಾರಿ ಮಾಡಿಕೊಂಡ ಜಾಣ್ಮೆ ಅದು. ಮಲ್ಲಮ್ಮನಾಗಿ ಹಾಡುವವಳನ್ನು ಬೈಯುವುದು ಹೇಗೆ? ನೋಡಲು ಬಂದ ಗೃಹಿಣಿಯರೂ ಸಭ್ಯ ಕಾರಣವೊಂದನ್ನು ಸೆರಗಿಗೆ ಕಟ್ಟಿಕೊಂಡೇ ಬಂದಿರುತ್ತಾರೆ: ನಾಟಕಕ್ಕಲ್ಲ, ದೇವರ ಕಥೆಗೆ. ಆದರೆ ಬೆಲೆಯನ್ನೂ ಲೆಕ್ಕ ಹಾಕಬೇಕು. ಅಷ್ಟು ದೊಡ್ಡ ಕಂಠ, ಅಷ್ಟು ವರ್ಷದ ರಂಗಾನುಭವ ಇದ್ದ ನಟಿಗೆ ಸಿಟ್ಟು ಮಾಡುವ, ತಪ್ಪು ಮಾಡುವ, ನಗಿಸುವ ಪಾತ್ರಗಳು ಹೆಸರು ತರಲಿಲ್ಲ. ನಗು ಯಜಮಾನರ ಖಾತೆಯಲ್ಲೇ ಉಳಿಯಿತು.

1950ರ ದಶಕಕ್ಕೆ ಕಾಲ ಹೊರಳಿತು. 1953ರ ‘ಗುಣಸಾಗರಿ’ಯಲ್ಲಿ ಜಯಮ್ಮ ಇದ್ದಾರೆ, ಆದರೆ ಪಂಢರಿಬಾಯಿಯವರ ತಲೆಮಾರು ಬಂದಾಗಿತ್ತು. ಮರುವರ್ಷ ಗುಬ್ಬಿಯವರ ಸಂಸ್ಥೆಯೇ ‘ಬೇಡರ ಕಣ್ಣಪ್ಪ’ ತೆಗೆದು ರಾಜಕುಮಾರ್ ಅವರನ್ನು ನಾಯಕರನ್ನಾಗಿ ಮಾಡಿತು. ಅಲ್ಲಿಂದ ಗುಬ್ಬಿ ಕಂಪನಿಯ ಚರಿತ್ರೆ ಎಂದರೆ ಅದು ಯಾರನ್ನು ಕೊಟ್ಟಿತು ಎಂಬ ಪಟ್ಟಿ: ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ. ಎಲ್ಲರೂ ದೊಡ್ಡವರು, ಎಲ್ಲರೂ ಗಂಡಸರು. ಅವರಿಗಿಂತ ಮೊದಲು ಅದೇ ಕಂಪನಿಯಿಂದ ಸಿನಿಮಾಕ್ಕೆ ಹೋದ ಜಯಮ್ಮ ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ಕಂಪನಿ ‘ಕೊಟ್ಟ’ವರಲ್ಲಿ ಹೆಂಡತಿಯನ್ನು ಸೇರಿಸುವ ರೂಢಿಯಿಲ್ಲವಲ್ಲ! ವೀರಣ್ಣನವರು ಆತ್ಮಕಥೆ ಬಿಟ್ಟುಹೋದರು, ‘ಕಲೆಯೇ ಕಾಯಕ’. ಅವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಯಜಮಾನರ ಕಣ್ಣಿನಿಂದ ಕಂಡ ಕಂಪನಿಯೇ ಕಂಪನಿಯ ಚರಿತ್ರೆಯಾದಾಗ, ಸೈಡ್‌ವಿಂಗ್‌ನಲ್ಲಿ ಸರದಿಗೆ ಕಾದು ನಿಂತವರು ಬದಿಗೇ ಸರಿಯುತ್ತಾರೆ.

ಅದೇ ದಶಕದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ತಾವೇ ಕಂಸ, ಭೀಮ ಆದರು. ಅಲ್ಲಿ ಯಜಮಾನರೂ ಹೆಂಗಸೇ, ಖಳನೂ ಹೆಂಗಸೇ. ಜಯಮ್ಮನವರ ತಲೆಮಾರು ಪತಿವ್ರತೆಯ ಸೆರಗು ಹಿಡಿದು ರಂಗದ ಮೇಲೆ ಜಾಗ ಮಾಡಿಕೊಡದಿದ್ದರೆ ನಾಗರತ್ನಮ್ಮನವರ ಗದೆಗೆ ಇಷ್ಟು ಬೇಗ ಚಪ್ಪಾಳೆ ಬೀಳುತ್ತಿತ್ತೇ ಎಂಬ ಅನುಮಾನ ನನಗಿದೆ.

ಜಯಮ್ಮ ಅಮ್ಮನ ಪಾತ್ರಗಳಿಗೆ ಸರಿದರು. 1968ರ ‘ಅಣ್ಣ ತಮ್ಮ’ ಚಿತ್ರದ ಅಭಿನಯಕ್ಕೆ ರಾಜ್ಯ ಸರ್ಕಾರದ ಪೋಷಕ ನಟಿ ಪ್ರಶಸ್ತಿ ಬಂತು. ‘ಪೋಷಕ’ ಎಂಬ ಪದವನ್ನು ಓದಿದಾಗೆಲ್ಲ ನನಗೆ ಆ ಕಂಪನಿಯ ಟೆಂಟು ನೆನಪಾಗುತ್ತದೆ, ಇರಲಿ. 1972ರಲ್ಲಿ ವೀರಣ್ಣನವರು ತೀರಿಕೊಂಡರು, 1988ರ ಡಿಸೆಂಬರ್ 20ರಂದು ಜಯಮ್ಮ.

ದಕ್ಷಿಣದ ಮೂಕಿ ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ಮಲಯಾಳದ ‘ಮಾರ್ತಾಂಡ ವರ್ಮ’ದಂಥ ಒಂದೆರಡು ಪುಣೆಯ ಚಿತ್ರ ಸಂಗ್ರಹಾಗಾರದಲ್ಲಿ ಬದುಕಿ ಉಳಿದದ್ದೇ ಹೆಚ್ಚು. ಹಾಗಾಗಿ ಜಯಮ್ಮನವರನ್ನು ಹುಡುಕುವವರು ‘ಸ್ವರ್ಗಸೀಮ’ದಿಂದ ಶುರು ಮಾಡುವುದು ಒಳ್ಳೆಯದು. ಭಾನುಮತಿಯವರ ಹಾಡಿಗೆ ಎಲ್ಲರೂ ತಲೆದೂಗುತ್ತಾರೆ. ಅದು ಮುಗಿದ ಮೇಲೆ, ಮನೆಯೊಳಗಿನ ದೃಶ್ಯಗಳಲ್ಲಿ ಕಲ್ಯಾಣಿಯ ದನಿಯನ್ನು ಕೇಳಿ. ನನ್ನ ಪ್ರಬಂಧದಲ್ಲಿ ಜಯಮ್ಮನವರ ಅಧ್ಯಾಯವನ್ನು ಗುಬ್ಬಿಯಿಂದ ಶುರು ಮಾಡಿಲ್ಲ, ಚಿಕ್ಕಮಗಳೂರಿನಿಂದ ಶುರು ಮಾಡಿದ್ದೇನೆ. ವೀರಣ್ಣನವರು ಎರಡನೆಯ ಪುಟದಲ್ಲಿ ಬರುತ್ತಾರೆ.